ತಂತಿಯ ಜಾಡು ಹಿಡಿಯುವ ಕಸುಬು

ಬೆಂಗಳೂರಿನ ಪುರಭವನದಿಂದ ಮಿನರ್ವ ವೃತ್ತದ ಕಡೆಗೆ ಹೋಗುವ ಜೆ.ಸಿ. ರಸ್ತೆ ಕಾರಿನ ಬಿಡಿಭಾಗಗಳಿಗೆ, ಅಲಂಕಾರ ಸಾಮಗ್ರಿಗೆ ಹೆಸರಾದದ್ದು. ಸೀಟ್ ಕವರ್, ಹಾರ್ನ್, ದೀಪಗಳ ಜೊತೆಗೆ ಮ್ಯೂಸಿಕ್ ಸಿಸ್ಟಂಗಳೂ ಅಲ್ಲಿ ಸಾಲುಗಟ್ಟಿ ಕೂತಿವೆ. ಹೊಸ ಸೆಟ್ ಕೂರಿಸುವ ಕೆಲಸ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಕೂರಿಸಿದ ಸೆಟ್ ಒಂದು ದಿನ ಇದ್ದಕ್ಕಿದ್ದಂತೆ ಮೂಕವಾದರೆ, ಎಂಜಿನ್ ಚಾಲೂ ಆದೊಡನೆ ಹಾಡಿನ ಹಿಂದೆ ಕುಂಯ್ ಎನ್ನುವ ಸದ್ದು ಸೇರಿಕೊಂಡರೆ, ಅದರ ಕಾರಣ ಹುಡುಕುವುದು ಬೇರೆಯದೇ ಒಂದು ಕಸುಬು. ಊರೂರಿನ ಆಟೊ ಎಲೆಕ್ಟ್ರಿಷಿಯನ್ನರು ಈ ಕಸುಬನ್ನು ಉಳಿಸಿಕೊಂಡು ಬಂದಿದ್ದಾರೆ. ಕೈಯಲ್ಲೊಂದು ಟೆಸ್ಟ್ ಲ್ಯಾಂಪ್, ಒಂದು ಮಲ್ಟಿಮೀಟರ್, ಉಳಿದದ್ದೆಲ್ಲ ತರ್ಕ. ಸೆಟ್ಟನ್ನು ದೂರುವ ಮೊದಲು ತಂತಿಯನ್ನೂ ತಂತಿ ಸೇರುವ ಜಾಗವನ್ನೂ ಅನುಮಾನಿಸು ಎಂಬುದು ಅವರ ಮೊದಲ ಪಾಠ.

ಕಿಡಿಯೊಡನೆ ಹುಟ್ಟಿದ ತಂಟೆ

ಕಾರಿಗೆ ರೇಡಿಯೊ ಬಂದ ಕಾಲದಲ್ಲೇ ಈ ಕೆಲಸವೂ ಹುಟ್ಟಿತು. 1930ರಲ್ಲಿ ಅಮೆರಿಕದ ಶಿಕಾಗೊದ ಪಾಲ್ ಗಾಲ್ವಿನ್, ಜೋಸೆಫ್ ಗಾಲ್ವಿನ್ ಸೋದರರ ಕಂಪನಿ ಮೊಟೊರೊಲಾ ಹೆಸರಿನ ಕಾರ್ ರೇಡಿಯೊವನ್ನು ಮಾರಾಟಕ್ಕೆ ತಂದಿತು. ಆ ದಿನಗಳ ತಂತ್ರಜ್ಞರನ್ನು ಬಹಳವಾಗಿ ಕಾಡಿದ್ದು ಎಂಜಿನ್ನಿನ ಸ್ಪಾರ್ಕ್ ಪ್ಲಗ್. ಅದರಲ್ಲಿ ಸಿಡಿಯುವ ಪ್ರತಿ ಕಿಡಿಯೂ ರೇಡಿಯೊ ಅಲೆಗಳನ್ನು ಚೆಲ್ಲುತ್ತದೆ. ಸಂಗೀತಕ್ಕಿಂತ ಅದರ ಚಟಚಟ ಸದ್ದೇ ಜೋರಾಗಿ ಕೇಳುತ್ತಿತ್ತು. ಆ ಸದ್ದನ್ನು ಅಡಗಿಸಿದ ಮೇಲೆಯೇ ಕಾರಿನಲ್ಲಿ ಹಾಡು ಕೇಳುವುದು ಸಾಧ್ಯವಾಯಿತು. ಮುಂದೆ 1955ರಲ್ಲಿ ಟ್ರಾನ್ಸಿಸ್ಟರ್ ಸೆಟ್, 1960ರ ದಶಕದ ಕೊನೆಗೆ ಕ್ಯಾಸೆಟ್, 1984ರಲ್ಲಿ ಸಿ.ಡಿ. ಪ್ಲೇಯರ್, ಈಗ ಟಚ್‌ಸ್ಕ್ರೀನ್. ಸೆಟ್ಟಿನ ಒಳಗು ಎಷ್ಟೇ ಬದಲಾದರೂ ಅದಕ್ಕೆ ಅನ್ನ ಹಾಕುವುದು ಅದೇ ಬ್ಯಾಟರಿ, ಅದೇ ತಾಮ್ರದ ತಂತಿ.

ಮೊದಲು ಬ್ಯಾಟರಿ, ಆಮೇಲೆ ಬಣ್ಣ

ಪಳಗಿದ ಎಲೆಕ್ಟ್ರಿಷಿಯನ್ ಡ್ಯಾಶ್‌ಬೋರ್ಡ್ ಬಿಚ್ಚುವ ಮುನ್ನ ಬಾನೆಟ್ ಎತ್ತುತ್ತಾನೆ. ಪೂರ್ತಿ ಚಾರ್ಜ್ ಆದ ಬ್ಯಾಟರಿ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.4. ಬುಡದಲ್ಲೇ ವೋಲ್ಟೇಜ್ ಇಲ್ಲದಿದ್ದರೆ ತುದಿಯಲ್ಲಿ ಹುಡುಕಿ ಫಲವಿಲ್ಲ.

ಆಮೇಲೆ ಸೆಟ್ಟಿನ ಹಿಂದಿನ ಕಪ್ಲರ್. ಹೊರಗಿನಿಂದ ಕೊಂಡ ಸೆಟ್ಟುಗಳಲ್ಲಿ ತಂತಿಗಳ ಬಣ್ಣಕ್ಕೆ ಒಂದು ರೂಢಿಯಿದೆ. ಹಳದಿ ಸದಾ ಕರೆಂಟ್ ಇರುವ ತಂತಿ, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ತಂತಿ, ಕಪ್ಪು ಅರ್ಥ್. ನೀಲಿಯ ಮೇಲೆ ಬಿಳಿ ಗೆರೆ ಇರುವುದು ಆಂಪ್ಲಿಫೈಯರನ್ನು ಎಬ್ಬಿಸುವ ತಂತಿ. ಕಾರನ್ನು ಆಫ್ ಮಾಡಿದಾಗಲೆಲ್ಲ ಗಡಿಯಾರವೂ ಸ್ಟೇಷನ್ನುಗಳೂ ಅಳಿಸಿಹೋಗುತ್ತಿದ್ದರೆ ಹಳದಿ, ಕೆಂಪು ಅದಲುಬದಲಾಗಿವೆ ಎಂದು ನೋಡದೆಯೇ ಊಹಿಸಬಹುದು. ಕೆಲವು ಕಾರುಗಳ ಮೂಲ ವೈರಿಂಗಿನಲ್ಲೇ ಇವೆರಡರ ಜಾಗ ಬೇರೆ ಇರುವುದರಿಂದ ಈ ತಪ್ಪು ಪದೇಪದೇ ಆಗುತ್ತದೆ.

ಫ್ಯೂಸಿನದೂ ಬಣ್ಣದ ಭಾಷೆಯೇ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಫ್ಯೂಸ್ ಹೋದರೆ ಅದೇ ಬಣ್ಣದ್ದನ್ನು ಹಾಕಬೇಕು. ಅದೂ ಹೋದರೆ ಎಲ್ಲೋ ಶಾರ್ಟ್ ಇದೆ. ಆಗ ದೊಡ್ಡ ಫ್ಯೂಸ್ ಹಾಕುವುದು, ತಂತಿಯ ತುಂಡು ಸುತ್ತುವುದು ಬೆಂಕಿಗೆ ದಾರಿ ಮಾಡಿದಂತೆ. ಫ್ಯೂಸ್ ಇರುವುದು ಮುಖ್ಯವಾಗಿ ತಂತಿ ಕಾದು ಉರಿಯದಂತೆ ತಡೆಯಲು. ಆದ್ದರಿಂದಲೇ ಆಂಪ್ಲಿಫೈಯರಿನ ದಪ್ಪ ತಂತಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಬೇಕು ಎನ್ನುವುದು ಈ ಕಸುಬಿನ ಕಟ್ಟುನಿಟ್ಟಿನ ನಿಯಮ.

ಅರ್ಥ್ ಎಂಬ ಅಡಗುತಾಣ

ಈ ಕೆಲಸದಲ್ಲಿ ಅನುಭವಿಯನ್ನೂ ಹೊಸಬನನ್ನೂ ಬೇರ್ಪಡಿಸುವುದು ಅರ್ಥ್. ಕಾರಿನಲ್ಲಿ ಬ್ಯಾಟರಿಗೆ ಮರಳುವ ದಾರಿ ಕಾರಿನ ಲೋಹದ ಮೈಯೇ. ಬಣ್ಣ ಕೆರೆಯದೆ ಬಿಗಿದ ಬೋಲ್ಟ್, ತುಕ್ಕು ಹಿಡಿದ ತಗಡು, ಸಡಿಲವಾದ ನಟ್ ಇವುಗಳಿಂದ ಆ ದಾರಿ ಕಿರಿದಾಗುತ್ತದೆ. ಒಂದು ಆಂಪ್ಲಿಫೈಯರ್ 30 ಆಂಪಿಯರ್ ಎಳೆಯುತ್ತಿದೆ, ಅರ್ಥ್ ಜೋಡಣೆಯಲ್ಲಿ ಬರೀ 0.1 ಓಮ್ ತಡೆ ಇದೆ ಎಂದುಕೊಳ್ಳಿ. ಅಲ್ಲೇ 3 ವೋಲ್ಟ್ ಸೋರಿಹೋಗುತ್ತದೆ. ಮೆಲ್ಲಗೆ ಹಾಡುವಾಗ ಎಲ್ಲ ಸರಿ; ವಾಲ್ಯೂಮ್ ಏರಿಸಿ ಡೋಲಿನ ಪೆಟ್ಟು ಬಿದ್ದೊಡನೆ ಸೆಟ್ ಆಫ್.

ಇಂಥ ದೋಷ ಓಮ್ ಅಳತೆಗೆ ಸುಲಭವಾಗಿ ಸಿಕ್ಕುವುದಿಲ್ಲ, ಏಕೆಂದರೆ ಅಷ್ಟು ಸಣ್ಣ ತಡೆಯನ್ನು ಸಾಧಾರಣ ಮೀಟರ್ ನೆಚ್ಚುವಂತೆ ತೋರಿಸಲಾರದು. ತಿಳಿದವರು ಹಾಡನ್ನು ಜೋರಾಗಿ ಹಾಕಿ, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಆಂಪ್ಲಿಫೈಯರಿನ ಅರ್ಥ್ ತುದಿಗೂ ಹಿಡಿದು ವೋಲ್ಟ್ ನೋಡುತ್ತಾರೆ. 0.1, 0.2 ವೋಲ್ಟ್ ಇದ್ದರೆ ನೆಮ್ಮದಿ. ಅದಕ್ಕಿಂತ ಏರಿದರೆ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಕೆರೆದು ಮತ್ತೆ ಬಿಗಿಯಬೇಕು. ಖರ್ಚು ಒಂದು ತುಂಡು ಮರಳು ಕಾಗದ. ಕರಾವಳಿಯ ಉಪ್ಪು ಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಓಡುವ ಕಾರುಗಳಿಗೆ ಈ ಪರೀಕ್ಷೆ ಇನ್ನೂ ಮುಖ್ಯ. ಅಲ್ಲಿ ತಾಮ್ರದ ತುದಿಗಳು ಹಸಿರುಗಟ್ಟುವುದು ಬೇಗ.

ಕುಂಯ್ ಎನ್ನುವ ಸದ್ದು

ಎಂಜಿನ್ ವೇಗ ಏರಿದಂತೆ ಸ್ವರವೂ ಏರಿದರೆ ಅದು ಆಲ್ಟರ್ನೇಟರಿನಿಂದ ಬಂದ ಸದ್ದು. ಒಂದೇ ವ್ಯವಸ್ಥೆಗೆ ಎರಡು ಕಡೆ ಅರ್ಥ್ ಇದ್ದು, ಆ ಎರಡರ ನಡುವೆ ತುಸು ವೋಲ್ಟೇಜ್ ವ್ಯತ್ಯಾಸವಿದ್ದರೂ ಸಾಕು, ಅದು ಹಾಡಿನ ತಂತಿಗೆ ನುಗ್ಗುತ್ತದೆ. ಫೋನನ್ನು ಕಾರಿನಲ್ಲಿ ಚಾರ್ಜಿಗೆ ಹಾಕಿ, ಆಕ್ಸ್ ತಂತಿಯಲ್ಲಿ ಹಾಡು ಕೇಳುವಾಗ ಬರುವ ಕಿರಿಕಿರಿಯೂ ಇದೇ ಜಾತಿಯದು. ಚಾರ್ಜರ್ ಕಿತ್ತರೆ ಸದ್ದು ಮಾಯ. ಜಾಡು ಹಿಡಿಯುವ ಕ್ರಮ ಸರಳ. ಆಂಪ್ಲಿಫೈಯರಿಗೆ ಬರುವ ಸಿಗ್ನಲ್ ತಂತಿಯನ್ನು ಕೀಳಬೇಕು. ಸದ್ದು ನಿಂತರೆ ತೊಂದರೆ ಅದರ ಹಿಂದೆ, ನಿಲ್ಲದಿದ್ದರೆ ಅದರ ಮುಂದೆ. ಹೀಗೆ ಪ್ರತಿ ಹೆಜ್ಜೆಗೂ ಹುಡುಕುವ ಜಾಗ ಕಿರಿದಾಗುತ್ತದೆ. ಎಫ್‌ಎಂನಲ್ಲಿ ಮಾತ್ರ ಗೊರಗೊರ ಎಂದರೆ ಆಂಟೆನಾದ ಅರ್ಥ್ ನೋಡಬೇಕು, ಇಲ್ಲವೇ ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಆರಿಸಿ ನೋಡಬೇಕು.

ಬಾಗಿಲ ಸಂದಿನಲ್ಲಿ ತುಂಡಾದ ತಂತಿ

ಒಂದೇ ಸ್ಪೀಕರ್ ನಿಂತಿದ್ದರೆ ಎಡ ಬಲ ತಂತಿಗಳನ್ನು ಬದಲಿಸಿ ನೋಡುವುದು ವಾಡಿಕೆ. ಮೌನ ಆಚೆ ಬದಿಗೆ ಹೋದರೆ ದೋಷ ಸೆಟ್ಟಿನದು. ಅಲ್ಲೇ ಉಳಿದರೆ ತಂತಿಯದು ಅಥವಾ ಸ್ಪೀಕರಿನದು. ಬಾಗಿಲ ಕೀಲಿನ ಬಳಿಯ ರಬ್ಬರ್ ಕೊಳವೆಯಲ್ಲಿ ತಂತಿ ಸಾವಿರಾರು ಸಲ ಮಡಚಿ ಬಿಚ್ಚಿ ಒಳಗೇ ತುಂಡಾಗುವುದುಂಟು. ನಿಲ್ಲಿಸಿದ ಕಾರಿನಲ್ಲಿ ಇಲಿ ಕಡಿದಿರುವುದೂ ಉಂಟು. ಸ್ಪೀಕರ್ ಬದುಕಿದೆಯೇ ಎಂದು ತಿಳಿಯಲು 1.5 ವೋಲ್ಟಿನ ಗಡಿಯಾರದ ಸೆಲ್ ಸಾಕು: ಒಂದು ಕ್ಷಣ ತಾಗಿಸಿದರೆ ಟಪ್ ಎನ್ನುತ್ತದೆ, ಪಾಸಿಟಿವ್ ಸರಿಯಿದ್ದರೆ ಕೋನ್ ಮುಂದಕ್ಕೆ ಜಿಗಿಯುತ್ತದೆ. ಒಂದು ಸ್ಪೀಕರ್ ಉಲ್ಟಾ ಜೋಡಣೆಯಾಗಿದ್ದರೆ ಎರಡೂ ಹಾಡುತ್ತಿದ್ದರೂ ಬೇಸ್ ಕರಗಿಹೋಗಿರುತ್ತದೆ.

ಇಲ್ಲೊಂದು ಎಚ್ಚರಿಕೆ. ಇಂದಿನ ಸೆಟ್ಟುಗಳಲ್ಲಿ ಸ್ಪೀಕರಿನ ನೆಗೆಟಿವ್ ತಂತಿಯೂ ಆಂಪ್ಲಿಫೈಯರಿನಿಂದಲೇ ಬರುತ್ತದೆ. ಅದರಲ್ಲೂ ವೋಲ್ಟೇಜ್ ಇರುತ್ತದೆ. ಅದನ್ನು ಕಾರಿನ ಬಾಡಿಗೆ ತಾಗಿಸಿದರೆ ಸೆಟ್ಟಿನ ಐ.ಸಿ. ಸುಟ್ಟುಹೋಗಬಹುದು.

ರಾತ್ರಿಯೆಲ್ಲ ಕರೆಂಟ್ ಕುಡಿದು ಬ್ಯಾಟರಿ ಡೌನ್ ಮಾಡುವ ಸೆಟ್ಟುಗಳೂ ಇವೆ. ಕಾರು ಪೂರ್ತಿ ನಿದ್ದೆಗೆ ಹೋದ ಮೇಲೆ 50 ಮಿಲಿಆಂಪಿಯರಿನ ಆಸುಪಾಸಿನಲ್ಲಿ ಸೋರಿಕೆ ಇದ್ದರೆ ತೊಂದರೆಯಿಲ್ಲ. ಆಂಪ್ಲಿಫೈಯರನ್ನು ಎಬ್ಬಿಸುವ ತಂತಿಯನ್ನು ಸದಾ ಕರೆಂಟ್ ಇರುವ ಕಡೆ ಕಟ್ಟಿ, ಅದು ಅರ್ಧ ಆಂಪಿಯರ್ ಎಳೆಯುತ್ತಿದ್ದರೆ 35 ಆಂಪಿಯರ್ ಅವರ್ ಬ್ಯಾಟರಿ ಮೂರು ದಿನಕ್ಕೆ ಬರಿದಾಗುತ್ತದೆ.

ಹೊಸ ಕಾರು, ಹೊಸ ವಿದ್ಯೆ

ಈಗಿನ ಹಲವು ಕಾರುಗಳಲ್ಲಿ ಸ್ಟಿಯರಿಂಗಿನ ವಾಲ್ಯೂಮ್ ಗುಂಡಿಯ ಆದೇಶ ಕ್ಯಾನ್ ಎಂಬ ದತ್ತಾಂಶ ಜಾಲದಲ್ಲಿ ಹರಿಯುತ್ತದೆ. ಬಾಷ್ ಕಂಪನಿ 1986ರಲ್ಲಿ ಲೋಕಕ್ಕೆ ಪರಿಚಯಿಸಿದ ಈ ಜಾಲದಲ್ಲಿ ಎರಡೇ ಎರಡು ಹೆಣೆದ ತಂತಿಗಳಿವೆ. ಕರೆಂಟ್ ತೆಗೆದು ಅವುಗಳ ನಡುವೆ ಅಳೆದರೆ ಸಾಮಾನ್ಯವಾಗಿ 60 ಓಮ್ ಸಿಗಬೇಕು. ಇಂಥ ತಂತಿಗೆ ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಬಾರದು. ಏರ್‌ಬ್ಯಾಗಿನ ಹಳದಿ ಕಪ್ಲರನ್ನಂತೂ ಮುಟ್ಟಲೇಬಾರದು. ಹೀಗೆ ಹಳೆಯ ಕೈಚಳಕಕ್ಕೆ ಹೊಸ ಓದು ಸೇರಲೇಬೇಕಾಗಿದೆ. ಐಟಿಐಗಳಲ್ಲಿ ವಾಹನಗಳ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಕೆಲಸಕ್ಕೆಂದೇ ತರಬೇತಿ ವಿಭಾಗವಿದೆ. ಕೈ ಮತ್ತು ತಲೆ ಎರಡನ್ನೂ ನೆಚ್ಚುವ ಯುವಕ ಯುವತಿಯರಿಗೆ ಇದು ಗೌರವದ ದಾರಿ.

ಈ ಕಸುಬಿಗೆ ನಿಜವಾದ ಪೆಟ್ಟು ಬೀಳುತ್ತಿರುವುದು ನಮ್ಮ ಅಭ್ಯಾಸದಿಂದ. ಹೊಸ ಸೆಟ್ಟಿಗೆ ಸಾವಿರಾರು ರೂಪಾಯಿ ಕೊಡುವ ನಾವು, ಒಂದು ಗಂಟೆ ತಲೆಕೆಳಗಾಗಿ ಕೂತು ತುಕ್ಕು ಹಿಡಿದ ಬೋಲ್ಟನ್ನು ಕಂಡುಹಿಡಿದವರಿಗೆ ಕೂಲಿ ಕೊಡಲು ಚೌಕಾಸಿ ಮಾಡುತ್ತೇವೆ. ಹಾಗಾಗಿ ಹುಡುಕುವುದಕ್ಕಿಂತ ಬದಲಿಸುವುದೇ ಲಾಭವಾಗಿ ಕಾಣುತ್ತದೆ. ನಿಮ್ಮ ಕಾರಿನ ಹಾಡು ನಿಂತರೆ ಬ್ಯಾಟರಿ, ಫ್ಯೂಸ್, ಅರ್ಥ್ ಈ ಮೂರನ್ನು ಮೀಟರ್ ಹಿಡಿದು ಅಳೆದು ತೋರಿಸಲು ಕೇಳಿ. ಅಳೆದು ಹೇಳುವವರನ್ನು ಗುರುತಿಟ್ಟುಕೊಳ್ಳಿ, ಅವರ ವಿದ್ಯೆಗೆ ತಕ್ಕ ಕೂಲಿ ಕೊಡಿ. ಅಳೆಯದೆ ಸೆಟ್ ಬದಲಿಸಿ ಎನ್ನುವ ಮಾತಿಗೆ ಒಪ್ಪಬೇಡಿ.