ಗಂಧಕಾಮ್ಲದ ಟ್ಯಾಂಕರು ಉರುಳಿದಾಗ



ಹೆದ್ದಾರಿಯಲ್ಲಿ ಗಂಧಕಾಮ್ಲದ ಟ್ಯಾಂಕರು ಉರುಳಿದರೆ ಅಗ್ನಿಶಾಮಕ ದಳದವರು ಬಂದ ಕೂಡಲೇ ಹತ್ತಿರ ನುಗ್ಗುವುದಿಲ್ಲ. ಹೆದರಿದರೆಂದು ಅವರನ್ನು ಜರೆಯಬೇಡಿರಿ. ಗಾಳಿ ಬೀಸಿ ಬರುವ ಕಡೆ, ಎತ್ತರದಲ್ಲಿ ನಿಂತು ಮೊದಲು ಟ್ಯಾಂಕರಿನ ಫಲಕ ಓದುತ್ತಾರೆ. 1830 ಎಂಬ ಅಂಕಿ ಗಂಧಕಾಮ್ಲದ ಗುರುತು. ಬೆಂಕಿ ಆರಿಸುವಾಗ ತೊಡುವ ಉಡುಪು ಆಮ್ಲವನ್ನು ತಡೆಯಲಾರದು. ಆದ್ದರಿಂದ ಆಮ್ಲ ತಡೆಯುವ ಬೇರೆ ಉಡುಪನ್ನೂ ಉಸಿರಾಟದ ಉಪಕರಣವನ್ನೂ ಧರಿಸಿಯೇ ಮುಂದುವರಿಯಬೇಕು. ಆಮ್ಲ ಕೆರೆಗೆ ಹರಿಯದಂತೆ ಒಡ್ಡು ಕಟ್ಟುವುದೂ ಅವರ ಕೆಲಸವೇ.

ನೀವು ಕೊಡದಿಂದ ನೀರೆರಚಬೇಡಿರಿ. ಆಮ್ಲ ಕಾದು ಸಿಡಿದು ಅವರ ಮೇಲೆಯೇ ಬಿದ್ದೀತು. 112ಕ್ಕೆ ಕರೆಮಾಡಿರಿ, ದನಕರುಗಳನ್ನು ದೂರ ಹೊಡೆಯಿರಿ, ದಾರಿ ತೆರವು ಮಾಡಿರಿ. ಆಮ್ಲ ಮೈಗೆ ತಾಗಿ ಹೊರಬಂದವರ ಬಟ್ಟೆ ಬಿಚ್ಚಿಸಿ, ಧಾರಾಳವಾಗಿ ನೀರು ಹರಿಸುತ್ತಲೇ ಇರಿ.