ಹೃದಯಾಘಾತದ ನಂತರ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿದರೆ



ಇತ್ತೀಚೆಗೆ ಒಂದು ಸಂಘದಲ್ಲಿ ಬರಡು ರಾಸುಗಳ ತಪಾಸಣಾ ಶಿಬಿರ ಮುಗಿಸಿ ಹೊರಡುವಾಗ ಸದಸ್ಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಅಣ್ಣನಿಗೆ ಹೃದಯಾಘಾತವಾಗಿ, ಆಸ್ಪತ್ರೆಯಿಂದ ಮನೆಗೆ ಬಂದು ಒಂದೂವರೆ ತಿಂಗಳಾಗಿತ್ತು. "ಹೃದಯದೊಳಗೆ ರಕ್ತ ಹೆಪ್ಪುಗಟ್ಟಿದೆ ಅಂತ ಮಾತ್ರೆ ಕೊಟ್ಟಿದ್ದರು. ಈಗ ಚೆನ್ನಾಗಿದ್ದಾನೆ, ಮಾತ್ರೆ ಬಿಟ್ಟಿದ್ದಾನೆ. ಹೆಪ್ಪು ಉಳಿದಿದ್ದರೆ ಆಪರೇಷನ್ ಮಾಡಿ ತೆಗೆದುಬಿಡಬಹುದಲ್ಲ ಸಾರ್?" ಎಂದು ಕೇಳಿದರು. ನಾನು ದನದ ಡಾಕ್ಟರು, ಮನುಷ್ಯರಿಗೆ ಔಷಧಿ ಹೇಳುವವನಲ್ಲ. ಅಂದೇ ಹೃದಯ ತಜ್ಞರ ಬಳಿ ಕರೆದೊಯ್ಯಿರಿ ಎಂದೆ. ಈ ತಪ್ಪು ತಿಳುವಳಿಕೆ ಬಹಳ ಮನೆಗಳಲ್ಲಿ ಇರುವುದರಿಂದ ಈ ಲೇಖನ.

ಹೆಪ್ಪು ಎರಡು ಬಗೆ

ಹೃದಯದ ಮಾಂಸಖಂಡಕ್ಕೆ ರಕ್ತ ಒಯ್ಯುವ ನಾಳದಲ್ಲಿ ಹೆಪ್ಪು ಸಿಕ್ಕಿಕೊಂಡಾಗ ಹೃದಯಾಘಾತ ಆಗುತ್ತದೆ. ಇದು ಮೊದಲನೆಯ ಹೆಪ್ಪು. ಇದನ್ನು ಚುಚ್ಚುಮದ್ದಿನಿಂದ ಕರಗಿಸುತ್ತಾರೆ ಅಥವಾ ಸ್ಟೆಂಟ್ ಹಾಕಿ ನಾಳವನ್ನು ತೆರೆಯುತ್ತಾರೆ.

ಎರಡನೆಯದು ಆಘಾತದ ಪರಿಣಾಮ. ರಕ್ತ ಸಿಗದ ಭಾಗದ ಮಾಂಸಖಂಡ ಸತ್ತು ಗಾಯವಾಗುತ್ತದೆ. ಆ ಭಾಗ ಮಿಡಿಯುವುದಿಲ್ಲ. ಎಡ ಹೃತ್ಕುಕ್ಷಿಯ ತುದಿಯಲ್ಲಿ ರಕ್ತ ನಿಧಾನವಾಗಿ ಸುತ್ತುತ್ತದೆ. ಕಡೆಯುತ್ತಿರುವ ಮಜ್ಜಿಗೆ ಗಟ್ಟಿಯಾಗದು, ಅಲುಗಾಡದ ಹಾಲು ಮೊಸರಾಗುತ್ತದೆ. ಹಾಗೆಯೇ ನಿಂತ ರಕ್ತವೂ ಗಾಯದ ಮೇಲೆ ಹೆಪ್ಪಾಗುತ್ತದೆ. ಹೃದಯದ ಮುಂಭಾಗಕ್ಕೆ ದೊಡ್ಡ ಆಘಾತವಾದವರಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ ಉಂಟಾಗುತ್ತದೆ. ರೋಗಿಗೆ ನೋವಾಗಲಿ ಸುಳಿವಾಗಲಿ ಇರುವುದಿಲ್ಲ. ಎಕೋ ಸ್ಕ್ಯಾನಿಂಗ್‌ನಲ್ಲಿ ಕಾಣುತ್ತದೆ.

ಅಪಾಯವೇನೆಂದರೆ, ಈ ಹೆಪ್ಪಿನ ಒಂದು ಚೂರು ಕಳಚಿಕೊಂಡು ರಕ್ತದೊಡನೆ ಹರಿದು ಮೆದುಳಿನ ನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು ಬಡಿಯುತ್ತದೆ. ಕಾಲಿನ ನಾಳಕ್ಕೆ ಸಿಕ್ಕಿದರೆ ಕಾಲೇ ಹೋಗಬಹುದು.

ಶಸ್ತ್ರಚಿಕಿತ್ಸೆ ಯಾರಿಗೆ?

ಹೆಚ್ಚಿನವರಿಗೆ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಕೊಟ್ಟರೆ ಹೆಪ್ಪು ಬೆಳೆಯುವುದು ನಿಲ್ಲುತ್ತದೆ, ಇದ್ದದ್ದನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುತ್ತದೆ. ಹೆಪ್ಪು ದೊಡ್ಡದಾಗಿ, ಬಳ್ಳಿಗೆ ತೂಗುವ ಕಾಯಿಯಂತೆ ಅಲ್ಲಾಡುತ್ತಿದ್ದರೆ, ಔಷಧಿ ಕೊಟ್ಟರೂ ಚೂರುಗಳು ಕಳಚುತ್ತಿದ್ದರೆ, ಅಥವಾ ಬೈಪಾಸ್‌ಗೆಂದು ಹೇಗೂ ಎದೆ ತೆರೆಯಬೇಕಾಗಿದ್ದರೆ ಶಸ್ತ್ರಚಿಕಿತ್ಸೆಯ ಯೋಚನೆ ಮಾಡುತ್ತಾರೆ.

ಎದೆಯ ಮೂಳೆಯನ್ನು ಸೀಳಿ, ರಕ್ತವನ್ನು ಹೃದಯ-ಶ್ವಾಸಕೋಶ ಯಂತ್ರಕ್ಕೆ ತಿರುಗಿಸಲಾಗುತ್ತದೆ. ಈ ಯಂತ್ರವನ್ನು ಮೊದಲು ಯಶಸ್ವಿಯಾಗಿ ಬಳಸಿದವರು ಅಮೆರಿಕದ ಡಾ. ಜಾನ್ ಗಿಬ್ಬನ್, 1953ರಲ್ಲಿ. ನಂತರ ಪೊಟ್ಯಾಸಿಯಂ ಹೆಚ್ಚಿರುವ ದ್ರಾವಣದಿಂದ ಹೃದಯವನ್ನು ನಿಲ್ಲಿಸಿ, ಸಾಧಾರಣವಾಗಿ ಸತ್ತುಹೋದ ಗಾಯದ ಭಾಗದಲ್ಲೇ ಕೊಯ್ಯುತ್ತಾರೆ. ಒಳ್ಳೆಯ ಮಾಂಸಖಂಡಕ್ಕೆ ಕತ್ತರಿ ಹಾಕಿದರೆ ಹೃದಯದ ಬಲ ಇನ್ನೂ ಕುಗ್ಗುತ್ತದೆ. ಹೆಪ್ಪನ್ನು ಪುಡಿಯಾಗದಂತೆ ಬಿಡಿಸಿ, ಒಳಗೆಲ್ಲ ತೊಳೆದು, ಹೊಲಿಯುತ್ತಾರೆ. ಈಗಾಗಲೇ ಸೋತ ಹೃದಯಕ್ಕೆ ಇದು ದೊಡ್ಡ ಪರೀಕ್ಷೆ. ಗಾಯದ ಭಾಗ ಉಳಿದಿದ್ದರೆ ಹೆಪ್ಪು ಮತ್ತೆ ಕಟ್ಟಬಹುದಾದ್ದರಿಂದ ಮಾತ್ರೆಯೂ ತಪ್ಪುವುದಿಲ್ಲ. ಆದ್ದರಿಂದ "ಮಾತ್ರೆ ಬಿಟ್ಟರೂ ಆಪರೇಷನ್ ಇದೆಯಲ್ಲ" ಎನ್ನುವುದು ತಪ್ಪು ಲೆಕ್ಕ.

ಮಾತ್ರೆ ಬಂದದ್ದು ಕೊಟ್ಟಿಗೆಯಿಂದ

ಈ ಮಾತ್ರೆಗಳಲ್ಲಿ ಹಳೆಯದು ವಾರ್ಫರಿನ್. ಇದು ನಮಗೆ ದೊರೆತದ್ದು ಹಸುಗಳಿಂದ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲುಗಳಲ್ಲಿ ರಾಸುಗಳು ಕೊಂಬು ತೆಗೆದರೆ, ಬೀಜ ಒಡೆದರೆ ರಕ್ತ ನಿಲ್ಲದೆ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ದ್ವಿದಳ ಮೇವು ಒದ್ದೆಯಾಗಿ ಬೂಷ್ಟು ಹಿಡಿದದ್ದೇ ಕಾರಣವೆಂದು ಪಶುವೈದ್ಯ ಫ್ರಾಂಕ್ ಸ್ಕೋಫೀಲ್ಡ್ ತೋರಿಸಿಕೊಟ್ಟರು.

1933ರ ಫೆಬ್ರವರಿಯಲ್ಲಿ ವಿಸ್ಕಾನ್ಸಿನ್ ರಾಜ್ಯದ ರೈತ ಎಡ್ ಕಾರ್ಲ್‌ಸನ್ ಸತ್ತ ಕಡಸು, ಒಂದು ಹಾಲಿನ ಕ್ಯಾನಿನಲ್ಲಿ ಹೆಪ್ಪುಗಟ್ಟದ ರಕ್ತ ಮತ್ತು ಕೆಟ್ಟ ಮೇವನ್ನು ಗಾಡಿಗೆ ಹಾಕಿಕೊಂಡು, ಹಿಮದ ಬಿರುಗಾಳಿಯಲ್ಲಿ ಸುಮಾರು 300 ಕಿ.ಮೀ. ದೂರದ ಮ್ಯಾಡಿಸನ್‌ಗೆ ಹೋದ. ಅಲ್ಲಿ ಸಿಕ್ಕವರು ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್. ಅವರ ತಂಡ 1939ರಲ್ಲಿ ಆ ವಿಷವಸ್ತುವನ್ನು ಬೇರ್ಪಡಿಸಿತು. ಅದರ ಜಾತಿಯ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ, 1954ರಲ್ಲಿ ಮನುಷ್ಯರ ಔಷಧಿಯಾಗಿ ಬಂತು. 1955ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೆ ಹೃದಯಾಘಾತವಾದಾಗ ಇದನ್ನೇ ಕೊಡಲಾಯಿತು. ಹಸುವನ್ನು ಕೊಂದದ್ದೇ ಅಳತೆಯಲ್ಲಿ ಕೊಟ್ಟಾಗ ಮನುಷ್ಯರನ್ನು ಉಳಿಸಿತು. ಈ ಅಳತೆಯೇ ಮುಖ್ಯ.

ಗಮನಿಸಬೇಕಾದ ಅಂಶಗಳು

1. ಹೆಪ್ಪು ಕಂಡವರಿಗೆ ಸಾಮಾನ್ಯವಾಗಿ ಮೂರು ತಿಂಗಳು ಮಾತ್ರೆ ಕೊಟ್ಟು ಮತ್ತೆ ಎಕೋ ಮಾಡುತ್ತಾರೆ. ನಿಲ್ಲಿಸುವುದನ್ನು ತೀರ್ಮಾನಿಸಬೇಕಾದವರು ವೈದ್ಯರು.

2. ವಾರ್ಫರಿನ್ ತೆಗೆದುಕೊಳ್ಳುವವರು ಹೇಳಿದ ದಿನ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಬೇಕು. ಸಾಮಾನ್ಯವಾಗಿ ಅದು 2ರಿಂದ 3ರ ಒಳಗಿರಬೇಕು. ಕಡಿಮೆಯಾದರೆ ಹೆಪ್ಪು, ಹೆಚ್ಚಾದರೆ ರಕ್ತಸ್ರಾವ. ಈಗ ಈ ಪರೀಕ್ಷೆ ಬೇಡದ ಹೊಸ ಮಾತ್ರೆಗಳೂ ಇವೆ. ಅವನ್ನೂ ಹೊತ್ತು ತಪ್ಪಿಸಬಾರದು.

3. ಸೊಪ್ಪಿನಲ್ಲಿರುವ ವಿಟಮಿನ್ 'ಕೆ' ವಾರ್ಫರಿನ್ನಿನ ಬಲ ಕುಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ದಿನವೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ತಿನ್ನಿರಿ.

4. ಮೈಕೈ ನೋವಿಗೆ ಅಂಗಡಿ ಮಾತ್ರೆ, ನಾಟಿ ಔಷಧಿಗಳನ್ನು ವೈದ್ಯರನ್ನು ಕೇಳದೆ ನುಂಗಬೇಡಿ.

5. ಹಸು ತಲೆಗೆ ಹಾಯ್ದರೆ, ಹೊಟ್ಟೆಗೆ ಒದ್ದರೆ, ಕುಡುಗೋಲಿನ ಗಾಯದ ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಒರಟು ರಾಸುಗಳನ್ನು ಬೇರೆಯವರು ಹಿಡಿಯಲಿ.

6. ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಒಂದು ಗಳಿಗೆಯೂ ಕಾಯಬೇಡಿ.

ಎಲ್ಲಕ್ಕಿಂತ ಮೊದಲು, ಎದೆನೋವು ಬಂದಾಗ ಗ್ಯಾಸ್ ಎಂದು ಸೋಡಾ ಕುಡಿದು ಮಲಗಬೇಡಿ. ನಾಳ ಬೇಗ ತೆರೆದಷ್ಟೂ ಸಾಯುವ ಮಾಂಸಖಂಡ ಕಡಿಮೆ, ಒಳಗೆ ಹೆಪ್ಪು ಕಟ್ಟುವ ಸಂಭವವೂ ಕಡಿಮೆ. 2023ರಲ್ಲಿ ರಾಜ್ಯದಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ಉದ್ದೇಶ, ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು. ಸಂಜೆಯ ಹಾಲು ಹಾಕಿ ಹೋಗೋಣ ಎನ್ನಬೇಡಿ. ಹಾಲನ್ನು ಪಕ್ಕದ ಮನೆಯವರು ಹಾಕಿಯಾರು.

ಅಂದು ಕೇಳಿದ ಸದಸ್ಯರು ಅಣ್ಣನನ್ನು ಕರೆದೊಯ್ದರು. ಎಕೋದಲ್ಲಿ ಹೆಪ್ಪು ಇನ್ನೂ ಇತ್ತು. ಮಾತ್ರೆ ಮತ್ತೆ ಆರಂಭವಾಗಿದೆ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಇಂದೇ ಅವರ ಔಷಧಿ ಚೀಟಿಯನ್ನು ತೆಗೆದು ನೋಡಿ.