ಕೋಸಂಬರಿಯ ಒಗ್ಗರಣೆ: ಪದ ಮತ್ತು ಪದಾರ್ಥ

ಪಟ್ಟಣದ ಹೋಟೆಲುಗಳಲ್ಲಿ ಹಸಿ ತರಕಾರಿಗೆ ಬೆರೆಸುವ ಎಣ್ಣೆ, ಹುಳಿ, ಖಾರದ ಮಿಶ್ರಣಕ್ಕೆ ‘ಸಲಾಡ್ ಡ್ರೆಸಿಂಗ್’ ಎಂದು ಹೆಸರು. ‘ಸಲಾಡ್’ ಪದದ ಮೂಲ ಲ್ಯಾಟಿನ್ ಭಾಷೆಯ ‘ಸಾಲ್’, ಅಂದರೆ ಉಪ್ಪು. ಉಪ್ಪು ಹಾಕಿದ ಸೊಪ್ಪು, ತರಕಾರಿಯೇ ಸಲಾಡ್. ಅದನ್ನು ಅಣಿಗೊಳಿಸುವುದು ಡ್ರೆಸಿಂಗ್. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳ ಮನೆಗಳಲ್ಲಿ ಈ ಸ್ಥಾನ ಕೋಸಂಬರಿಯದು. ಡ್ರೆಸಿಂಗಿನ ಕೆಲಸ ಮಾಡುವುದು ಒಗ್ಗರಣೆ.

ಪದದ ಮೂಲ

‘ಒಗ್ಗು’ ಎಂಬ ಕ್ರಿಯಾಪದದಿಂದ ಒಗ್ಗರಣೆ ಬಂದಿರಬಹುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ಸಂಸ್ಕೃತದ ‘ವ್ಯಾಘಾರಣ’ ಎಂಬ ಪದದ ತದ್ಭವವೆಂದು ಇದನ್ನು ಗುರುತಿಸಲಾಗಿದೆ. ಯಜ್ಞದಲ್ಲಿ ತುಪ್ಪ ಚಿಮುಕಿಸುವುದು ಆ ಪದದ ಅರ್ಥ. ಹಿಂದಿಯ ‘ಬಘಾರ್’, ಗುಜರಾತಿಯ ‘ವಘಾರ್’ ಇದೇ ಬಳಗದವು. ಉತ್ತರ ಕರ್ನಾಟಕದ ‘ವಗ್ಗರಣಿ’ಯಲ್ಲಿ ಮೊದಲಿನ ವಕಾರ ಇನ್ನೂ ಉಳಿದಿದೆ. ‘ವ್ಯವಸಾಯ’ ಸವೆದು ‘ಬೇಸಾಯ’ ಆದುದನ್ನು ಬಲ್ಲ ರೈತರಿಗೆ ಈ ಮಾರ್ಪಾಡು ಹೊಸದೆನಿಸದು. ಯಜ್ಞದ ಪದ ಹೀಗೆ ಒಲೆಯ ಬಳಿಗೆ ಬಂದಿತು. ಅಲ್ಲಿಂದ ಮಾತಿಗೂ ಹಬ್ಬಿತು. ಇದ್ದ ಸಂಗತಿಗೆ ಇನ್ನಷ್ಟು ಸೇರಿಸಿ ಹೇಳುವವರನ್ನು ‘ಒಗ್ಗರಣೆ ಹಾಕುತ್ತಾನೆ’ ಎನ್ನುವುದುಂಟು.

ಒಗ್ಗರಣೆ ಮಾಡುವ ಕೆಲಸ

ಸಾಸಿವೆಯನ್ನು ಹಸಿಯಾಗಿ ಅರೆದರೆ ಅದರಲ್ಲಿರುವ ಕಿಣ್ವ ಕೆಲಸಮಾಡಿ ಘಾಟು ಹುಟ್ಟುತ್ತದೆ. ಕಾದ ಎಣ್ಣೆಯಲ್ಲಿ ಸಿಡಿಸಿದಾಗ ಕಿಣ್ವ ನಾಶವಾಗಿ ಘಾಟು ಅಡಗುತ್ತದೆ, ಹುರಿದ ಪರಿಮಳ ಉಳಿಯುತ್ತದೆ. ಇಂಗು, ಕರಿಬೇವುಗಳ ಪರಿಮಳವನ್ನು ಎಣ್ಣೆ ಹೀರಿಕೊಂಡು ಬೇಳೆಗೆ ಹರಡುತ್ತದೆ. ಕ್ಯಾರೆಟ್ಟಿನಲ್ಲಿರುವ ಕೆರೋಟಿನ್ ದೇಹಗತವಾಗಲು ಕೊಬ್ಬಿನ ಅಂಶ ಬೇಕು. ಒಂದೆರಡು ಚಮಚ ಎಣ್ಣೆ ಆ ಅಗತ್ಯವನ್ನೂ ಪೂರೈಸುತ್ತದೆ. ಉಪ್ಪು ತರಕಾರಿಯ ನೀರನ್ನು ಹೊರಗೆಳೆಯುವುದರಿಂದ ಉಪ್ಪು, ನಿಂಬೆರಸಗಳನ್ನು ಬಡಿಸುವ ಮುನ್ನ ಬೆರೆಸುವುದು ಸೂಕ್ತ.

ಹೊಲದಿಂದ ಅಂಗಡಿಗೆ

ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಮಳೆ ಆಶ್ರಿತ ಹೊಲಗಳಲ್ಲಿ ರಾಗಿಯ ನಡುವೆ ಅಕ್ಕಡಿ ಸಾಲು ಹಾಕುವ ಪದ್ಧತಿ ಹಿಂದಿನಿಂದ ಬಂದಿದೆ. ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು, ಹರಳು ಈ ಸಾಲುಗಳ ಬೆಳೆಗಳು. ಒಗ್ಗರಣೆಯ ಸಾಸಿವೆ, ಎಣ್ಣೆ ಎರಡೂ ಸ್ವಂತ ಹೊಲದಲ್ಲಿಯೇ ಸಿಗುತ್ತಿದ್ದವು. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಭತ್ತ, ಕಬ್ಬು ಪ್ರಧಾನವಾದವು; ಬೆದ್ದಲಿನಲ್ಲಿಯೂ ಅಕ್ಕಡಿ ಸಾಲು ಕಡಿಮೆಯಾಯಿತು. ಇಂದು ಹೆಚ್ಚಿನ ಮನೆಗಳಲ್ಲಿ ಒಗ್ಗರಣೆಯ ಎಣ್ಣೆ ಅಂಗಡಿಯ ಪೊಟ್ಟಣದಿಂದ ಬರುತ್ತದೆ. ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶಗಳಿಂದ ಆಮದಾಗುತ್ತಿದೆ. ಅಲ್ಲಿ ಬೆಲೆ ಏರಿದರೆ ಅದರ ಬಿಸಿ ಹಳ್ಳಿಯ ಒಲೆಗೂ ತಟ್ಟುತ್ತದೆ.

ರೈತರು ಮಾಡಬಹುದಾದುದು

1. ಮುಂಗಾರಿಗೆ ಮುಂಚಿನ ಮಳೆಯಲ್ಲಿ ಹೆಸರು ಬಿತ್ತಬಹುದು. ಸುಮಾರು 65–70 ದಿನಗಳಲ್ಲಿ ಕೊಯ್ಲಿಗೆ ಬರುವ ಈ ಬೆಳೆ ಮನೆಗೆ ಬೇಳೆ, ಮಣ್ಣಿಗೆ ಸಾರಜನಕ ಒದಗಿಸುತ್ತದೆ.

2. ರಾಗಿಯಲ್ಲಿ 8 ಸಾಲಿಗೆ 2 ಸಾಲು ತೊಗರಿ ಅಥವಾ 1 ಸಾಲು ಅವರೆ ಹಾಕುವುದು ಲಾಭದಾಯಕ.

3. ಹೊಲದ ಅಂಚಿಗೆ ಹುಚ್ಚೆಳ್ಳು ಬಿತ್ತಬಹುದು. ದನಗಳು ಇದನ್ನು ಇಷ್ಟಪಟ್ಟು ಮೇಯುವುದಿಲ್ಲ. ಇದರ ಕಾಳು ಕಟ್ಟಲು ಜೇನುನೊಣ ಅವಶ್ಯಕವಾದ್ದರಿಂದ ಹೂವಾಡುವ ಸಮಯದಲ್ಲಿ ಕೀಟನಾಶಕ ಸಿಂಪಡಿಸಬಾರದು.

4. ಸಾಸಿವೆಯನ್ನು ಅಕ್ಕಡಿಯಲ್ಲಿ ಬೆಳೆದು, ಚೆನ್ನಾಗಿ ಒಣಗಿಸಿ, ಕಳೆಬೀಜ ಬೇರ್ಪಡಿಸಿ ಶೇಖರಿಸಬೇಕು.

ತಳಿ ಮತ್ತು ಬೀಜದ ವಿವರಗಳಿಗೆ ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಮಂಡ್ಯದ ವಿ.ಸಿ. ಫಾರಂ ಅನ್ನು ಸಂಪರ್ಕಿಸಬಹುದು. ರಾಮನವಮಿಯ ಕೋಸಂಬರಿಗೆ ಬೇಕಾದ ಬೇಳೆ, ಸಾಸಿವೆ, ಎಣ್ಣೆಗಳನ್ನು ಸ್ವಂತ ಹೊಲದಿಂದಲೇ ಪಡೆಯುವುದು ಇಂದಿಗೂ ಸಾಧ್ಯ.